ಎಂಪಿಐ ಪ್ರೋಗ್ರಾಮ್ ನಿಂತಿದೆಯಾ, ಉತ್ತರ ತಪ್ಪಾ? ನಾನ್‌ಬ್ಲಾಕಿಂಗ್ ಕರೆ ಮುಗಿಯಿತೋ ಇಲ್ಲವೋ ಮೊದಲು ನೋಡಿ

ನಾಲ್ಕು ಪ್ರೋಸೆಸ್‌ಗೆ ಸರಿಯಾಗಿ ಓಡುತ್ತದೆ, ಹದಿನಾರಕ್ಕೆ ಏರಿಸಿದರೆ ನಿಂತುಬಿಡುತ್ತದೆ. ಗ್ರಿಡ್ ಚಿಕ್ಕದಿದ್ದಾಗ ಉತ್ತರ ಸರಿ, ದೊಡ್ಡದು ಮಾಡಿದರೆ ಅಂಚಿನ ಸಾಲುಗಳಲ್ಲಿ ಕಸ. ನಡುವೆ ಒಂದು ಪ್ರಿಂಟ್ ಹಾಕಿದರೆ ದೋಷ ಮಾಯ, ತೆಗೆದರೆ ಮತ್ತೆ ಹಾಜರು. ಎಂಪಿಐ ಅಂದರೆ ಹಲವು ಪ್ರೋಸೆಸ್‌ಗಳು ಒಂದಕ್ಕೊಂದು ಸಂದೇಶ ಕಳಿಸುತ್ತ ಒಂದೇ ಲೆಕ್ಕ ಮಾಡುವ ವ್ಯವಸ್ಥೆ, ನಾನ್‌ಬ್ಲಾಕಿಂಗ್ ಕರೆ ಅಂದರೆ ಕೆಲಸ ಮುಗಿಯುವವರೆಗೆ ಕಾಯದೆ ವಾಪಸ್ ಬರುವ ಕರೆ. ಇಂಥ ಕರೆಗಳಿರುವ ಎಂಪಿಐ ಪ್ರೋಗ್ರಾಮ್ ಹೀಗೆ ಆಡುತ್ತಿದ್ದರೆ, ಕ್ಲಸ್ಟರ್ ಮೇಲೋ ನೆಟ್‌ವರ್ಕ್ ಮೇಲೋ ಅನುಮಾನ ಪಡುವ ಮೊದಲು "ಕೆಲಸ ಮುಗಿಯಿತಾ" ಎಂದು ಕೇಳುವ ಸಾಲುಗಳನ್ನು ಒಮ್ಮೆ ನೋಡಿ.

ಉದಾಹರಣೆಗೆ ಒಂದೇ ಪ್ರೋಗ್ರಾಮ್ ಇಟ್ಟುಕೊಳ್ಳೋಣ. ಲೋಹದ ತಗಡಿನಲ್ಲಿ ಬಿಸಿ ಹೇಗೆ ಹರಡುತ್ತದೆ ಅನ್ನುವ ಲೆಕ್ಕ. ತಗಡನ್ನು ಅಡ್ಡಪಟ್ಟಿಗಳಾಗಿ ಕತ್ತರಿಸಿ ಪ್ರೋಸೆಸ್‌ಗೆ ಒಂದರಂತೆ ಹಂಚಿದ್ದೇವೆ. ಪ್ರತಿ ಸುತ್ತಿನಲ್ಲೂ ಎಲ್ಲರೂ ತಮ್ಮ ಮೇಲಂಚಿನ ಸಾಲನ್ನು ಮೇಲಿನ ನೆರೆಗೆ, ಕೆಳಂಚಿನ ಸಾಲನ್ನು ಕೆಳಗಿನ ನೆರೆಗೆ ಕಳಿಸಬೇಕು, ಅವರ ಅಂಚಿನ ಸಾಲುಗಳನ್ನು ಪಡೆಯಬೇಕು. ಕಳಿಸಲು ಎರಡು ಐಸೆಂಡ್, ಪಡೆಯಲು ಎರಡು ಐರಿಸೀವ್, ಎಲ್ಲವೂ ಮುಗಿಯುವವರೆಗೆ ಕಾಯಲು ಕೊನೆಗೊಂದು ವೇಟ್‌ಆಲ್. ಫಂಕ್ಷನ್ ಹೆಸರುಗಳ ಮುಂದೆ ಬರುವ ಎಂಪಿಐ ಅನ್ನುವುದನ್ನು ಓದಲು ಸುಲಭವಾಗಲಿ ಎಂದು ಬಿಟ್ಟಿದ್ದೇನೆ.

ಮುಗಿಯಿತು ಅಂದರೆ ಎಷ್ಟು ಮುಗಿಯಿತು

ಐಸೆಂಡ್ ಕರೆದ ತಕ್ಷಣ ವಾಪಸ್ ಬರುತ್ತದೆ, ಕೈಗೊಂದು ರಿಕ್ವೆಸ್ಟ್, ಅಂದರೆ ಆ ಕೆಲಸದ ಚೀಟಿ, ಕೊಡುತ್ತದೆ. ಆ ರಿಕ್ವೆಸ್ಟ್ ಕೊಟ್ಟು ವೇಟ್ ಕರೆದರೆ ಮುಗಿಯುವವರೆಗೂ ಕಾಯುತ್ತದೆ. ಟೆಸ್ಟ್ ಕರೆದರೆ ಕಾಯುವುದಿಲ್ಲ, ಮುಗಿದಿದೆಯೋ ಇಲ್ಲವೋ ಅನ್ನುವುದನ್ನು ಫ್ಲ್ಯಾಗ್‌ನಲ್ಲಿ ಬರೆದು ಹೊರಟುಬಿಡುತ್ತದೆ. ಇಲ್ಲಿವರೆಗೆ ಎಲ್ಲರಿಗೂ ಗೊತ್ತಿರುವುದೇ.

ಎಡವುವುದು ಇದರ ಮುಂದೆ. ಕಳಿಸುವ ರಿಕ್ವೆಸ್ಟ್ ಮುಗಿದರೆ ಎದುರಿನವರಿಗೆ ಸಂದೇಶ ತಲುಪಿತು ಎಂದಲ್ಲ. ನಿಮ್ಮ ಬಫರ್, ಅಂದರೆ ಡೇಟಾ ಇಟ್ಟ ಮೆಮೊರಿ ಜಾಗ, ನಿಮಗೆ ವಾಪಸ್ ಸಿಕ್ಕಿತು, ಅದರಲ್ಲಿ ಹೊಸದು ಬರೆಯಬಹುದು, ಅಷ್ಟೇ. ಗಿರಣಿಯವನು ಕಾಳನ್ನು ತನ್ನ ಬುಟ್ಟಿಗೆ ಸುರಿದುಕೊಂಡು ಖಾಲಿ ಡಬ್ಬ ವಾಪಸ್ ಕೊಟ್ಟ ಹಾಗೆ: ಡಬ್ಬ ಬಂತು, ಹಿಟ್ಟು ಇನ್ನೂ ಆಗಿಲ್ಲ.

ಎಂಪಿಐ ಲೈಬ್ರರಿಗಳು ಚಿಕ್ಕ ಸಂದೇಶಗಳಿಗೆ ಮಾಡುವುದು ಇದನ್ನೇ. ಸಂದೇಶ ಚಿಕ್ಕದಿದ್ದರೆ ಎದುರಿನವರು ಐರಿಸೀವ್ ಹಾಕಿದ್ದಾರಾ ಎಂದು ನೋಡದೆ ಕಳಿಸಿಬಿಡುತ್ತವೆ, ನಿಮ್ಮ ಐಸೆಂಡ್ ಆಗಲೇ ಮುಗಿಯುತ್ತದೆ. ದೊಡ್ಡದಿದ್ದರೆ ಮೊದಲು ಎದುರಿನವರನ್ನು ಕೇಳಿ, ಅವರು ತಯಾರಿದ್ದಾರೆ ಎಂದಾದ ಮೇಲೆ ಕಳಿಸುತ್ತವೆ. ಈ ಚಿಕ್ಕದು–ದೊಡ್ಡದರ ಗಡಿ ಲೈಬ್ರರಿಗೊಂದು, ನೆಟ್‌ವರ್ಕ್‌ಗೊಂದು. ಓಪನ್ ಎಂಪಿಐ ಎಂಬ ಲೈಬ್ರರಿಯಲ್ಲಿ ಏನೂ ಬದಲಿಸದಿದ್ದರೆ ಒಂದೇ ಯಂತ್ರದೊಳಗಿನ ಹಂಚಿಕೆ ಮೆಮೊರಿಗೆ ಇದು 4096 ಬೈಟ್, ಟಿಸಿಪಿಗೆ 65536 ಬೈಟ್.

ನಮ್ಮ ತಗಡಿಗೆ ಬನ್ನಿ. ಸಾಲಿಗೆ 400 ಡಬಲ್ (8 ಬೈಟ್‌ನ ದಶಾಂಶ ಸಂಖ್ಯೆ) ಅಂದರೆ 3200 ಬೈಟ್, ಗಡಿಯ ಕೆಳಗೆ. 1000 ಡಬಲ್ ಅಂದರೆ 8000 ಬೈಟ್, ಗಡಿಯ ಮೇಲೆ. ಈಗ ಯಾರೋ ಐಸೆಂಡ್ ಹಾಕಿ, ತಕ್ಷಣ ಅದಕ್ಕೇ ವೇಟ್ ಹಾಕಿ, ಆಮೇಲೆ ರಿಸೀವ್ ಬರೆದಿದ್ದಾರೆ ಅನ್ನಿ. ಲ್ಯಾಪ್‌ಟಾಪ್‌ನಲ್ಲಿ 400ಕ್ಕೆ ಓಡುತ್ತದೆ. 1000ಕ್ಕೆ ಎಲ್ಲರೂ ತಮ್ಮ ಐಸೆಂಡ್ ಮುಗಿಯಲಿ ಎಂದು ವೇಟ್‌ನಲ್ಲಿ ಕೂತಿರುತ್ತಾರೆ, ರಿಸೀವ್ ಸಾಲಿಗೆ ಯಾರೂ ಬರುವುದೇ ಇಲ್ಲ. ಪ್ರೋಗ್ರಾಮ್ ಎರಡೂ ಸಲ ತಪ್ಪೇ. ಮೊದಲ ಸಲ ಲೈಬ್ರರಿ ಕಾಪಾಡಿತ್ತು.

ಈ ಜಾತಿಯ ದೋಷ ಹುಡುಕಲು ಒಂದು ಅಗ್ಗದ ಉಪಾಯ ಇದೆ. ಎಲ್ಲ ಐಸೆಂಡ್‌ಗಳನ್ನೂ ಐಎಸ್‌ಸೆಂಡ್ ಎಂದು ಬದಲಿಸಿ ಚಿಕ್ಕ ಗ್ರಿಡ್‌ಗೇ ಓಡಿಸಿ. ಆರ್ಗ್ಯುಮೆಂಟ್‌ಗಳು ಅವೇ, ಒಂದೇ ಅಕ್ಷರ ಜಾಸ್ತಿ. ಎದುರಿನವರು ಈ ಸಂದೇಶವನ್ನು ಪಡೆಯಲು ಶುರು ಮಾಡುವವರೆಗೆ ಐಎಸ್‌ಸೆಂಡ್ ಮುಗಿಯುವುದಿಲ್ಲ, ಗಾತ್ರ ಎಷ್ಟೇ ಇರಲಿ. ಹಾಗಾಗಿ ದೊಡ್ಡ ಕ್ಲಸ್ಟರ್‌ನಲ್ಲಿ ಮಧ್ಯರಾತ್ರಿ ನಿಲ್ಲಬೇಕಿದ್ದದ್ದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗಲೇ ನಿಲ್ಲುತ್ತದೆ. ಹೊಸ ಕೋಡ್ ಬರೆದಾಗಲೆಲ್ಲ ಹೀಗೊಮ್ಮೆ ಓಡಿಸುವುದು ಒಳ್ಳೆಯದು, ದೋಷ ಕಾಣಿಸಿದ ಮೇಲೆ ಮಾತ್ರ ಅಲ್ಲ.

ನಿಂತುಬಿಟ್ಟಾಗ

ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಟಾಪ್‌ನಲ್ಲಿ ಎಲ್ಲ ಪ್ರೋಸೆಸ್‌ಗಳೂ 100 ಪರ್ಸೆಂಟ್ ಸಿಪಿಯು ತೋರಿಸುತ್ತಿವೆ, ಕ್ಲಸ್ಟರ್‌ನ ಕೆಲಸ ಹಂಚುವ ಸ್ಲರ್ಮ್‌ನಲ್ಲಿ ಜಾಬ್ ಓಡುತ್ತಿದೆ ಎಂದೇ ಇದೆ. ಇದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ ಎಂಪಿಐ ಕಾಯುವಾಗ ನಿದ್ದೆ ಮಾಡುವುದಿಲ್ಲ, ಸಂದೇಶ ಬಂತಾ ಬಂತಾ ಎಂದು ಸುತ್ತುತ್ತಲೇ ಇರುತ್ತದೆ. ಕೆಲಸ ಮಾಡುವ ಪ್ರೋಸೆಸ್‌ಗೂ ಸುಮ್ನೆ ಕಾಯುವ ಪ್ರೋಸೆಸ್‌ಗೂ ಟಾಪ್‌ನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಜಿಡಿಬಿ ಎಂಬ ಡಿಬಗರನ್ನು ಎರಡು ಮೂರು ಪ್ರೋಸೆಸ್‌ಗೆ ತಗುಲಿಸಿ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಪಟ್ಟಿ) ತೆಗೆಯಿರಿ. ಮೇಲ್ಗಡೆ ಓಪಲ್_ಪ್ರೋಗ್ರೆಸ್‌ನಂಥ ಲೈಬ್ರರಿಯ ಒಳಗಿನ ಹೆಸರುಗಳಿರುತ್ತವೆ, ಅವನ್ನು ಬಿಡಿ. ಕೆಳಗಿಳಿದು ನಿಮ್ಮ ಫೈಲಿನ ಮೊದಲ ಸಾಲು ಯಾವುದು ನೋಡಿ. ಎಲ್ಲರೂ ಒಂದೇ ವೇಟ್‌ಆಲ್‌ನಲ್ಲಿದ್ದರೆ ಟ್ಯಾಗ್ (ಸಂದೇಶದ ಗುರುತು ಸಂಖ್ಯೆ), ರ‍್ಯಾಂಕ್ (ಪ್ರೋಸೆಸ್‌ನ ಸಂಖ್ಯೆ), ಕಮ್ಯುನಿಕೇಟರ್ (ಪ್ರೋಸೆಸ್‌ಗಳ ಗುಂಪು) ಇವುಗಳಲ್ಲಿ ಏನೋ ಹೊಂದುತ್ತಿಲ್ಲ. ಒಬ್ಬರು ವೇಟ್‌ಆಲ್‌ನಲ್ಲಿ, ಇನ್ನೊಬ್ಬರು ಆಗಲೇ ಲೂಪ್ ದಾಟಿ ಎಂಪಿಐ ಮುಚ್ಚುವ ಫೈನಲೈಸ್‌ನಲ್ಲಿ ಇದ್ದರೆ ಸುತ್ತುಗಳ ಲೆಕ್ಕ ತಪ್ಪಿದೆ. "ಉತ್ತರ ಸಾಕಷ್ಟು ಹತ್ತಿರ ಬಂತು, ನಿಲ್ಲಿಸು" ಎಂದು ಪ್ರತಿ ಪ್ರೋಸೆಸ್ ತನ್ನ ಪಟ್ಟಿಯನ್ನಷ್ಟೇ ನೋಡಿ ತೀರ್ಮಾನ ಮಾಡುವ ಕೋಡ್‌ನಲ್ಲಿ ಹೀಗಾಗುತ್ತದೆ. ಎಲ್ಲರ ಅಂಕಿಗಳನ್ನೂ ಒಟ್ಟುಗೂಡಿಸಿ ಎಲ್ಲರಿಗೂ ಕೊಡುವ ಆಲ್‌ರಿಡ್ಯೂಸ್ ಮಾಡಿ ಎಲ್ಲರೂ ಒಟ್ಟಿಗೆ ತೀರ್ಮಾನಿಸಬೇಕು.

ಬ್ಯಾಕ್‌ಟ್ರೇಸ್‌ನಿಂದ ಯಾವ ಸಾಲು ಎಂದು ಗೊತ್ತಾಗುತ್ತದೆ, ಯಾವ ರಿಕ್ವೆಸ್ಟ್ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ವೇಟ್‌ಆಲ್ ತೆಗೆದು ಆ ಜಾಗದಲ್ಲಿ, ಎಲ್ಲವೂ ಮುಗಿದಿವೆಯಾ ಎಂದು ಕಾಯದೆ ಕೇಳುವ ಟೆಸ್ಟ್‌ಆಲ್‌ನ ಲೂಪ್ ಹಾಕಿ. ಎಂಪಿಐನ ಗಡಿಯಾರ ಡಬ್ಲ್ಯುಟೈಮ್‌ನಿಂದ ಸಮಯ ನೋಡುತ್ತಿರಿ. ಮೂವತ್ತು ಸೆಕೆಂಡ್ ದಾಟಿದರೆ ಪ್ರತಿ ರಿಕ್ವೆಸ್ಟನ್ನೂ ರಿಕ್ವೆಸ್ಟ್_ಗೆಟ್_ಸ್ಟೇಟಸ್‌ನಿಂದ ಕೇಳಿ ಪ್ರಿಂಟ್ ಮಾಡಿ. ಇಲ್ಲಿ ಟೆಸ್ಟ್ ಬಳಸಬೇಡಿ. ಟೆಸ್ಟ್ ಹೌದು ಅಂದ ಕೂಡಲೇ ರಿಕ್ವೆಸ್ಟನ್ನು ಮುಗಿಸಿ ಅಳಿಸಿಬಿಡುತ್ತದೆ. ರಿಕ್ವೆಸ್ಟ್_ಗೆಟ್_ಸ್ಟೇಟಸ್ ಬರೀ ನೋಡುತ್ತದೆ, ಮುಟ್ಟುವುದಿಲ್ಲ. ಟೆಸ್ಟ್‌ಆಲ್ ಕೂಡ ಇಲ್ಲ ಎಂದಾಗ ಯಾವ ರಿಕ್ವೆಸ್ಟನ್ನೂ ಬದಲಿಸುವುದಿಲ್ಲ, ಹಾಗಾಗಿ ಈ ಲೂಪ್ ಸುರಕ್ಷಿತ. ಪ್ರಿಂಟ್ ಮಾಡಿದ ಮೇಲೆ ಎಫ್‌ಫ್ಲಶ್ ಮರೆಯಬೇಡಿ. ಇಲ್ಲದಿದ್ದರೆ ಜಾಬ್ ಕೊಂದಾಗ ನಿಮಗೆ ಬೇಕಾದ ಕೊನೆಯ ಸಾಲುಗಳೇ ಬಫರ್‌ನಲ್ಲಿ ಉಳಿದುಹೋಗುತ್ತವೆ.

ಎದುರಿನವರು ಯಾರು, ಟ್ಯಾಗ್ ಎಷ್ಟು ಅನ್ನುವುದನ್ನು ರಿಕ್ವೆಸ್ಟ್ ಹೇಳುವುದಿಲ್ಲ. ಕರೆಯುವಾಗಲೇ ಪಕ್ಕದ ಒಂದು ಅರೇಯಲ್ಲಿ ಬರೆದಿಟ್ಟುಕೊಳ್ಳಬೇಕು. ನಮ್ಮ ತಗಡಿನ ಪ್ರೋಗ್ರಾಮ್ 400 ಡಬಲ್‌ಗೇ ನಿಂತಾಗ ಹೀಗೆ ಬಂತು ಅನ್ನಿ:

ರ‍್ಯಾಂಕ್ 1: ಕಳಿಸು, 2ಕ್ಕೆ, ಟ್ಯಾಗ್ 12, 3200 ಬೈಟ್, ಮುಗಿದಿದೆ
ರ‍್ಯಾಂಕ್ 1: ಪಡೆ, 2ರಿಂದ, ಟ್ಯಾಗ್ 12, 3200 ಬೈಟ್, ಬಾಕಿ
ರ‍್ಯಾಂಕ್ 2: ಕಳಿಸು, 1ಕ್ಕೆ, ಟ್ಯಾಗ್ 11, 3200 ಬೈಟ್, ಮುಗಿದಿದೆ
ರ‍್ಯಾಂಕ್ 2: ಪಡೆ, 1ರಿಂದ, ಟ್ಯಾಗ್ 11, 3200 ಬೈಟ್, ಬಾಕಿ

ಕಳಿಸಿದ್ದೆಲ್ಲ ಮುಗಿದಿದೆ, ಪಡೆಯುವುದೆಲ್ಲ ಬಾಕಿ. ಸಂದೇಶಗಳು ಹೊರಟಿವೆ, ಅವನ್ನು ಹೆಸರು ಹಿಡಿದು ಕೇಳುವವರು ಇಲ್ಲ. ಮೇಲಕ್ಕೆ ಹೋಗುವುದಕ್ಕೆ 11, ಕೆಳಕ್ಕೆ ಹೋಗುವುದಕ್ಕೆ 12 ಎಂದು ಟ್ಯಾಗ್ ಇಟ್ಟಿದ್ದಾರೆ. ರ‍್ಯಾಂಕ್ 1 ಕೆಳಕ್ಕೆ ಕಳಿಸಿದ್ದು 12. ರ‍್ಯಾಂಕ್ 2 ಮೇಲಿನವರಿಂದ ಬರುವುದಕ್ಕೆ "ಮೇಲೆ ಅಂದರೆ 11" ಎಂದುಕೊಂಡು ಕಾಯುತ್ತಿದೆ. ಮೇಲಿನವರು ಕಳಿಸುವುದು ಅವರ ಲೆಕ್ಕದಲ್ಲಿ ಕೆಳಕ್ಕೆ, ಅಲ್ವಾ? ಪಡೆಯುವ ಎರಡು ಸಾಲುಗಳ ಟ್ಯಾಗ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಇದೇ ತಪ್ಪು 1000 ಡಬಲ್‌ಗೆ ಬಂದಿದ್ದರೆ ನಾಲ್ಕೂ ಸಾಲು ಬಾಕಿ ಎಂದಿರುತ್ತಿತ್ತು, ಗಲಿಬಿಲಿ ಜಾಸ್ತಿ. ಹಾಗಾಗಿ ಈ ಪಟ್ಟಿಯನ್ನು ಚಿಕ್ಕ ಗಾತ್ರಕ್ಕೇ ತೆಗೆಯಿರಿ.

ತಗಡಿನ ಮೊದಲ ಮತ್ತು ಕೊನೆಯ ಪ್ರೋಸೆಸ್‌ಗೆ ಒಂದು ಕಡೆ ನೆರೆ ಇಲ್ಲ. ಅಲ್ಲಿ ನೆರೆಯ ರ‍್ಯಾಂಕ್ ಬದಲು ಪ್ರೋಕ್_ನಲ್ (ಯಾರೂ ಇಲ್ಲ) ಕೊಟ್ಟಿದ್ದರೆ ಆ ರಿಕ್ವೆಸ್ಟ್ ಕೂಡಲೇ ಮುಗಿಯುತ್ತದೆ, ಬಂದ ಡೇಟಾ ಸೊನ್ನೆ. ಅದು ದೋಷವಲ್ಲ.

ನಿಲ್ಲುವುದಿಲ್ಲ, ಉತ್ತರ ತಪ್ಪು

ಇದು ನಿಲ್ಲುವುದಕ್ಕಿಂತ ಕೆಟ್ಟದ್ದು. ನಿಂತದ್ದು ಕಣ್ಣಿಗೆ ಬೀಳುತ್ತದೆ, ಇದು ಗ್ರಾಫ್ ಬರೆದ ಮೇಲೆ ಗೊತ್ತಾಗುತ್ತದೆ. ಕೆಲವು ಸಲ ಆಗಲೂ ಗೊತ್ತಾಗುವುದಿಲ್ಲ.

ಮೊದಲು ದೋಷ ನಾನ್‌ಬ್ಲಾಕಿಂಗ್ ಭಾಗದಲ್ಲೇ ಇದೆಯಾ ಎಂದು ಖಾತ್ರಿ ಮಾಡಿಕೊಳ್ಳಿ. ವೇಟ್‌ಆಲನ್ನು ಎತ್ತಿ ನಾಲ್ಕು ಕರೆಗಳ ಬೆನ್ನಿಗೇ, ಲೆಕ್ಕ ಶುರುವಾಗುವ ಮೊದಲೇ ಹಾಕಿ. ಉತ್ತರ ಸರಿಯಾದರೆ ಯಾರೋ ಬಫರನ್ನು ಬೇಗ ಮುಟ್ಟಿದ್ದಾರೆ. ಆಮೇಲೆ ವೇಟ್‌ಆಲನ್ನು ಹಳೆಯ ಜಾಗದಲ್ಲೇ ಇಟ್ಟು, ಐರಿಸೀವ್ ಕರೆಯುವ ಮುಂಚೆ ಪಡೆಯುವ ಸಾಲಿನ ತುಂಬ ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನುವ ವಿಶೇಷ ಬೆಲೆ) ತುಂಬಿ. ಡೇಟಾ ಬರುವ ಮೊದಲೇ ಓದಿದ ಜಾಗದಿಂದ ನ್ಯಾನ್ ಇಡೀ ತಗಡಿಗೆ ಹರಡುತ್ತದೆ. ಹಿಂದಿನ ಸುತ್ತಿನ ಹಳೆಯ ಅಂಕಿ ಇದ್ದರೆ ಉತ್ತರ ಸ್ವಲ್ಪವೇ ತಪ್ಪುತ್ತದೆ, ಹಿಡಿಯುವುದು ಕಷ್ಟ. ನ್ಯಾನ್ ಆದರೆ ಬಚ್ಚಿಟ್ಟುಕೊಳ್ಳುವುದಿಲ್ಲ.

ಕಳಿಸುವ ಬಫರ್‌ನ ನಿಯಮ ಬೇರೆ. ಐಸೆಂಡ್ ಬಾಕಿ ಇರುವಾಗ ಅದನ್ನು ಓದಬಹುದು. ಎಂಪಿಐ 2.2, ಅಂದರೆ 2009ರ ಆವೃತ್ತಿಯಿಂದ ಇದಕ್ಕೆ ಅನುಮತಿ ಇದೆ. ಬರೆಯುವ ಹಾಗಿಲ್ಲ. ಒಳಗಿನ ಸಾಲುಗಳ ಲೆಕ್ಕ ಮಾಡುವ ಲೂಪ್ ಅಂಚಿನ ಸಾಲನ್ನೂ ಸೇರಿಸಿಕೊಂಡು ಬರೆದುಬಿಟ್ಟರೆ, ನೆರೆಗೆ ಹೋಗುವುದು ಅರ್ಧ ಹಳೆಯ ಸಾಲು, ಅರ್ಧ ಹೊಸದು. ಲೂಪ್‌ನ ಆರಂಭ ಮತ್ತು ಕೊನೆಯ ಸಂಖ್ಯೆಗಳನ್ನು ಕೈಯಲ್ಲಿ ಬರೆದು ನೋಡಿ.

ಇನ್ನು ರಿಕ್ವೆಸ್ಟ್ ಕಳೆದುಹೋಗುವುದು. ಒಂದೇ ವೇರಿಯಬಲ್‌ಗೆ ಮೊದಲ ಐಸೆಂಡ್, ಅದರ ಮೇಲೇ ಎರಡನೇ ಐಸೆಂಡ್, ಕೊನೆಗೊಂದು ವೇಟ್. ಕಂಪೈಲರ್ ಬೈಯುವುದಿಲ್ಲ, ಲೈಬ್ರರಿಯೂ ಬೈಯುವುದಿಲ್ಲ. ವೇಟ್ ಕಾಯುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದು ಮುಗಿಯಿತಾ ಎಂದು ಕೇಳಲು ಇನ್ನು ದಾರಿಯೇ ಇಲ್ಲ. ಸುತ್ತು ಸುತ್ತಿಗೂ ಹೀಗೆ ಒಂದು ಉಳಿದು ಮೆಮೊರಿ ನಿಧಾನಕ್ಕೆ ಏರುತ್ತದೆ. ಗಂಟೆಗಟ್ಟಲೆ ಓಡಿದ ಮೇಲೆ ಮೆಮೊರಿ ತುಂಬಿ ಜಾಬ್ ಸಾಯುತ್ತಿದ್ದರೆ ಮೊದಲು ಇಲ್ಲಿ ನೋಡಿ. ಇದೇ ಕಾರಣಕ್ಕೆ ರಿಕ್ವೆಸ್ಟ್_ಫ್ರೀ ಬಳಸುವುದೂ ನನಗೆ ಇಷ್ಟವಿಲ್ಲ. ಕಾನೂನಿನಲ್ಲಿ ಅವಕಾಶ ಇದೆ ನಿಜ, ಆದರೆ ಆಮೇಲೆ ಬಫರ್ ಯಾವಾಗ ವಾಪಸ್ ಸಿಕ್ಕಿತು ಎಂದು ತಿಳಿಯುವುದು ಹೇಗೆ?

ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುವವರು ವೆಕ್ಟರ್ ಬಗ್ಗೆ ಎಚ್ಚರ ಇಟ್ಟುಕೊಳ್ಳಿ. ವೆಕ್ಟರ್‌ನ ಡೇಟಾ ವಿಳಾಸ ಕೊಟ್ಟು ಐಸೆಂಡ್ ಮಾಡಿ, ಆಮೇಲೆ ಅದೇ ವೆಕ್ಟರ್‌ಗೆ ಪುಶ್_ಬ್ಯಾಕ್ ಮಾಡಿದರೆ ಅದು ಬೇರೆ ಜಾಗಕ್ಕೆ ಎದ್ದುಹೋಗಬಹುದು. ಎಂಪಿಐ ಹಳೆಯ ವಿಳಾಸವನ್ನೇ ಹಿಡಿದಿರುತ್ತದೆ. ಫಂಕ್ಷನ್ ಒಳಗಿನ ಲೋಕಲ್ ಅರೇಯನ್ನು ಕಳಿಸಿ, ವೇಟ್ ಮಾಡದೆ ಫಂಕ್ಷನ್‌ನಿಂದ ಹೊರಬಂದರೂ ಇದೇ ಕಥೆ.

ಫೋರ್ಟ್ರಾನ್‌ನಲ್ಲಿ ಮತ್ತೊಂದು ಗುಂಡಿ ಇದೆ. ಅಲ್ಲಿ ಕಾಲಂ ಒತ್ತೊತ್ತಾಗಿ ಕೂತಿರುತ್ತದೆ, ಸಾಲು ಚದುರಿರುತ್ತದೆ. ಸಾಲಿನ ಸ್ಲೈಸ್ ಕೊಟ್ಟು ಐರಿಸೀವ್ ಕರೆದರೆ ಕಂಪೈಲರ್ ಒಂದು ತಾತ್ಕಾಲಿಕ ನಕಲು ಮಾಡಿ ಅದರ ವಿಳಾಸ ಕೊಡಬಹುದು. ಐರಿಸೀವ್ ಕೂಡಲೇ ವಾಪಸ್ ಬರುತ್ತದೆ, ನಕಲು ಅಳಿಸಿಹೋಗುತ್ತದೆ. ಡೇಟಾ ಬಂದು ಬೀಳುವುದು ಯಾರದೂ ಅಲ್ಲದ ಮೆಮೊರಿಗೆ. ವೆಕ್ಟರ್ ಡೇಟಾಟೈಪ್ ಮಾಡಿ ಸಾಲಿನ ಮೊದಲ ಅಂಶವನ್ನು ಕೊಡುವುದು, ಅಥವಾ ನೀವೇ ಒಂದು ಒತ್ತಾದ ಅರೇ ಇಟ್ಟುಕೊಳ್ಳುವುದು ಸರಿಯಾದ ದಾರಿ. ಬಫರ್‌ಗೆ ಅಸಿಂಕ್ರೊನಸ್ ಗುಣ ಹಾಕುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಆಪ್ಟಿಮೈಸರ್ ವೇಟ್‌ನ ಆಚೆಗಿನ ಓದನ್ನು ಈಚೆಗೆ ತರಬಹುದು. ಡಿಬಗ್ ಬಿಲ್ಡ್‌ನಲ್ಲಿ ಸರಿ, ಆಪ್ಟಿಮೈಸ್ ಮಾಡಿದಾಗ ತಪ್ಪು ಅನ್ನುವ ದೂರಿಗೆ ಇದೊಂದು ಕಾರಣ.

ಟೆಸ್ಟ್ ಹೌದು ಅನ್ನುತ್ತದೆ, ಬಂದದ್ದು ಏನೂ ಇಲ್ಲ

ಟೆಸ್ಟ್ ಒಮ್ಮೆ ಹೌದು ಅಂದ ಮೇಲೆ ರಿಕ್ವೆಸ್ಟ್ ಜಾಗದಲ್ಲಿ ರಿಕ್ವೆಸ್ಟ್_ನಲ್ ಕೂರುತ್ತದೆ. ಅದನ್ನೇ ಮತ್ತೆ ಟೆಸ್ಟ್ ಮಾಡಿದರೆ ಮತ್ತೆ ಹೌದು ಎನ್ನುತ್ತದೆ, ಖಾಲಿ ಸ್ಟೇಟಸ್ (ಯಾರಿಂದ, ಎಷ್ಟು ಬಂತು ಅನ್ನುವ ವಿವರ) ಜೊತೆಗೆ. ಐರಿಸೀವ್ ಹಾಕುವುದನ್ನೇ ಮರೆತು, ಶುರುವಿನಲ್ಲಿ ನಲ್ ಇಟ್ಟ ರಿಕ್ವೆಸ್ಟನ್ನು ಟೆಸ್ಟ್ ಮಾಡಿದರೂ ಉತ್ತರ ಹೌದು! ಒಮ್ಮೆ ಮಾಡಿಟ್ಟು ಪ್ರತಿ ಸಲ ಸ್ಟಾರ್ಟ್ ಕರೆದು ಮತ್ತೆ ಬಳಸುವ ಪರ್ಸಿಸ್ಟೆಂಟ್ ರಿಕ್ವೆಸ್ಟ್‌ನಲ್ಲಿ ಆ ಸ್ಟಾರ್ಟ್ ಕರೆಯಲು ಮರೆತರೂ ಹಾಗೇ, ವೇಟ್ ಒಂದು ಕ್ಷಣವೂ ಕಾಯದೆ ದಾಟಿಹೋಗುತ್ತದೆ. ಹೌದು ಬಂದಾಗ ಗೆಟ್_ಕೌಂಟ್ ಕರೆದು ನಿಜವಾಗಿ ಎಷ್ಟು ಬಂತು ನೋಡಿ. ನಮ್ಮ ಸಾಲಿಗೆ 400 ಬರಬೇಕಾದಲ್ಲಿ 0 ಬಂದರೆ, ಮತ್ತು ಎದುರಿಗಿರುವುದು ಪ್ರೋಕ್_ನಲ್ ಅಲ್ಲದಿದ್ದರೆ, ನೀವು ಕೇಳಿದ್ದು ಸತ್ತ ರಿಕ್ವೆಸ್ಟನ್ನು.

ಅರೇಯಲ್ಲಿ ಯಾವುದಾದರೂ ಒಂದು ಮುಗಿದಿದೆಯಾ ಎಂದು ಕೇಳುವ ಟೆಸ್ಟ್‌ಎನಿ, ಯಾವ್ಯಾವುದು ಮುಗಿದಿದೆ ಎಂದು ಕೇಳುವ ಟೆಸ್ಟ್‌ಸಮ್ ಬಳಸುವಾಗಲೂ ಇದೇ ಬಲೆ. ಅರೇಯಲ್ಲಿ ಬಾಕಿ ಇರುವ ರಿಕ್ವೆಸ್ಟ್ ಒಂದೂ ಇಲ್ಲದಿದ್ದರೆ ಟೆಸ್ಟ್‌ಎನಿ ಹೌದು ಅಂದು ಇಂಡೆಕ್ಸ್‌ಗೆ ಅನ್‌ಡಿಫೈನ್ಡ್ ಹಾಕುತ್ತದೆ. ಓಪನ್ ಎಂಪಿಐ, ಎಂಪಿಐಸಿಎಚ್ ಎರಡೂ ಲೈಬ್ರರಿಗಳಲ್ಲಿ ಅದರ ಬೆಲೆ −32766. ಅದನ್ನೇ ಅರೇ ಇಂಡೆಕ್ಸ್ ಮಾಡಿಕೊಂಡರೆ ಸೆಗ್‌ಫಾಲ್ಟ್. ಕ್ರ್ಯಾಶ್ ಆದ ಕಡೆ ಈ ಸಂಖ್ಯೆ ಕಂಡರೆ ಬೇರೆಲ್ಲೂ ಹುಡುಕಬೇಡಿ. ಟೆಸ್ಟ್‌ಸಮ್‌ನಲ್ಲಿ ಎಣಿಕೆ 0 ಅಂದರೆ ಬಾಕಿ ಇವೆ, ಇನ್ನೂ ಯಾವುದೂ ಮುಗಿದಿಲ್ಲ. ಅನ್‌ಡಿಫೈನ್ಡ್ ಅಂದರೆ ಬಾಕಿಯೇ ಇಲ್ಲ. ಎರಡನ್ನೂ ಒಂದೇ ಎಂದುಕೊಂಡ ಲೂಪ್ ಎಂದೂ ಮುಗಿಯುವುದಿಲ್ಲ.

ಪೈಥಾನ್‌ನಲ್ಲಿ ಎಂಪಿಐ ಕರೆಯಲು ಎಂಪಿಐ4ಪೈ ಬಳಸುವವರಿಗೆ ಒಂದು ಖಾಸ್ ದೋಷ ಇದೆ. ಸಣ್ಣಕ್ಷರದ ಟೆಸ್ಟ್ ಎರಡು ಬೆಲೆಗಳ ಜೋಡಿಯನ್ನು ಕೊಡುತ್ತದೆ: ಮುಗಿಯಿತಾ ಅನ್ನುವ ಫ್ಲ್ಯಾಗ್, ಬಂದ ವಸ್ತು. ಅದನ್ನು ಹಾಗೇ ಇಫ್ ಮುಂದೆ ಇಟ್ಟರೆ ಸದಾ ನಿಜವೇ. ಜೋಡಿಯೊಳಗೆ ಫಾಲ್ಸ್ ಮತ್ತು ನನ್ (ಪೈಥಾನ್‌ನ "ಏನೂ ಇಲ್ಲ") ಇದ್ದರೂ ಜೋಡಿ ಖಾಲಿಯಲ್ಲ, ಪೈಥಾನ್ ಲೆಕ್ಕದಲ್ಲಿ ಅದು ನಿಜ. ಜೋಡಿಯನ್ನು ಬಿಡಿಸಿ ಫ್ಲ್ಯಾಗ್ ಮಾತ್ರ ನೋಡಿ. ದೊಡ್ಡಕ್ಷರದ ಟೆಸ್ಟ್‌ನಲ್ಲಿ ಈ ತೊಂದರೆ ಇಲ್ಲ, ಅದು ಬರೀ ಫ್ಲ್ಯಾಗ್ ಕೊಡುತ್ತದೆ. ಇನ್ನೊಂದು, ಸಣ್ಣಕ್ಷರದ ಐರಿಸೀವ್‌ಗೆ ಬಫರ್ ಹೇಳದಿದ್ದರೆ ಅದು ಸುಮಾರು 32 ಕೆಬಿ ಮಾತ್ರ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ವಸ್ತು ಬಂದರೆ ಟ್ರಂಕೇಟ್ ದೋಷ. ದೊಡ್ಡ ಬೈಟ್‌ಅರೇ ಕೊಡಿ, ಅಥವಾ ನಂಪೈ ಅರೇ ಇದ್ದರೆ ದೊಡ್ಡಕ್ಷರದ ಕರೆಗಳಿಗೇ ಹೋಗಿ.

ಉತ್ತರ ಸರಿ, ಆದರೆ ನಿಧಾನ

ಸಂದೇಶ ಹೋಗುತ್ತಿರುವಾಗಲೇ ಒಳಗಿನ ಸಾಲುಗಳ ಲೆಕ್ಕ ಮುಗಿಸಬೇಕು ಎಂದು ತಾನೇ ಇಷ್ಟೆಲ್ಲ ಕಷ್ಟಪಟ್ಟಿದ್ದು? ವೇಟ್‌ಆಲ್‌ನ ಆಚೆ ಈಚೆ ಡಬ್ಲ್ಯುಟೈಮ್ ಹಾಕಿ ಅಳೆಯಿರಿ. ನಡುವೆ ಲೆಕ್ಕ ಇದ್ದಾಗಲೂ ಇಲ್ಲದಾಗಲೂ ವೇಟ್‌ಆಲ್‌ಗೆ ಒಂದೇ ಸಮಯ ಹಿಡಿಯುತ್ತಿದ್ದರೆ, ಹಿನ್ನೆಲೆಯಲ್ಲಿ ಏನೂ ನಡೆಯುತ್ತಿಲ್ಲ.

ಬಹಳಷ್ಟು ಲೈಬ್ರರಿಗಳಲ್ಲಿ ದೊಡ್ಡ ಸಂದೇಶ ಮುಂದಕ್ಕೆ ಸಾಗುವುದು ನೀವು ಯಾವುದಾದರೂ ಎಂಪಿಐ ಕರೆಯ ಒಳಗೆ ಇರುವಾಗ. ನಿಮ್ಮ ಲೆಕ್ಕದ ಲೂಪ್‌ನಲ್ಲಿ ಎಂಪಿಐ ಇಲ್ಲವೇ ಇಲ್ಲ, ಹಾಗಾಗಿ "ನಾನು ತಯಾರು" ಎಂದು ಎದುರಿನವರು ಕಳಿಸಿದ ಉತ್ತರವನ್ನು ನೋಡುವವರೂ ಇಲ್ಲ. ವೇಟ್‌ಆಲ್ ಬಂದ ಮೇಲೆಯೇ ನಿಜವಾದ ರವಾನೆ ಶುರು. ಒಳಗಿನ ಲೆಕ್ಕವನ್ನು ಕೆಲವು ಸಾಲುಗಳ ತುಂಡುಗಳಾಗಿ ಒಡೆದು ನಡುನಡುವೆ ಟೆಸ್ಟ್‌ಆಲ್ ಕರೆಯಿರಿ. ಇಲ್ಲಿ ಫ್ಲ್ಯಾಗ್‌ಗಿಂತ ಕರೆಯೇ ಮುಖ್ಯ, ಲೈಬ್ರರಿಗೆ ಕೆಲಸ ಮಾಡಲು ಅವಕಾಶ ಸಿಗುತ್ತದೆ. ತೀರಾ ಪದೇ ಪದೇ ಕರೆದರೆ ಅದರ ಖರ್ಚೇ ಜಾಸ್ತಿಯಾಗುತ್ತದೆ, ಅಳೆದು ನೋಡಿ ಹದ ಕಂಡುಕೊಳ್ಳಬೇಕು. ಎಂಪಿಐಸಿಎಚ್‌ನಲ್ಲಿ ಎಂಪಿಐಸಿಎಚ್_ಅಸಿಂಕ್_ಪ್ರೋಗ್ರೆಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟರೆ ಈ ಕೆಲಸಕ್ಕೆ ಬೇರೆ ಥ್ರೆಡ್ ಓಡುತ್ತದೆ. ಅದಕ್ಕೆ ಕೋರ್ ಬಿಟ್ಟುಕೊಡದಿದ್ದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

2012ರ ಎಂಪಿಐ 3.0ರಿಂದ ಬಂದ ಐಬಿಕಾಸ್ಟ್, ಐಆಲ್‌ರಿಡ್ಯೂಸ್‌ನಂಥ ಸಾಮೂಹಿಕ ಕರೆಗಳಿಗೂ ಇದು ಅನ್ವಯ. ಅವುಗಳಲ್ಲಿ ಟ್ಯಾಗ್ ಇಲ್ಲ, ಎಲ್ಲರೂ ಒಂದೇ ಕ್ರಮದಲ್ಲಿ ಕರೆಯಬೇಕು. ಒಬ್ಬರು ಐಬ್ಯಾರಿಯರ್, ಇನ್ನೊಬ್ಬರು ಬ್ಯಾರಿಯರ್ ಕರೆದರೆ ಅವೆರಡೂ ಜೋಡಿಯಾಗುವುದಿಲ್ಲ.

ಕೈಯಲ್ಲಿ ಹುಡುಕಿ ಸಾಕಾಗಿದ್ದರೆ

ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ಬೆಳೆಸುತ್ತಿರುವ ಮಸ್ಟ್ ಎಂಬ ಉಚಿತ ಟೂಲ್ ಇದೆ. ಪ್ರೋಗ್ರಾಮ್ ಶುರು ಮಾಡುವ ಎಂಪಿಐರನ್ ಬದಲು ಮಸ್ಟ್‌ರನ್ ಎಂದು ಬರೆದು ಓಡಿಸಿದರೆ ಸಾಕು. ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತ ಎಲ್ಲರೂ ನಿಲ್ಲುವುದು), ಕಳೆದುಹೋದ ರಿಕ್ವೆಸ್ಟ್, ಬಾಕಿ ಇರುವಾಗಲೇ ಒಂದರ ಮೇಲೊಂದು ಬಿದ್ದ ಬಫರ್, ಇವನ್ನೆಲ್ಲ ಎಚ್‌ಟಿಎಂಎಲ್ ವರದಿಯಲ್ಲಿ ಬರೆದುಕೊಡುತ್ತದೆ. ನಿಧಾನ ಆಗುತ್ತದೆ, ಹಾಗಾಗಿ ಚಿಕ್ಕ ಗ್ರಿಡ್, ಕೆಲವೇ ಸುತ್ತು. ಸ್ಟೇಟಸ್ ಬೇಡ ಎಂದು ವೇಟ್‌ಆಲ್‌ಗೆ ಸ್ಟೇಟಸಸ್_ಇಗ್ನೋರ್ ಕೊಡುವ ಅಭ್ಯಾಸವನ್ನೂ ಹುಡುಕುವಾಗ ಬಿಡಿ. ತಪ್ಪಾದಾಗ ಪ್ರೋಗ್ರಾಮ್ ನಿಲ್ಲಿಸದೆ ದೋಷದ ಸಂಖ್ಯೆ ವಾಪಸ್ ಕೊಡುವ ಎರರ್ಸ್_ರಿಟರ್ನ್ ಹಾಕಿ, ಎರ್_ಇನ್_ಸ್ಟೇಟಸ್ ವಾಪಸ್ ಬಂದರೆ ಯಾವ ರಿಕ್ವೆಸ್ಟ್‌ನಲ್ಲಿ ತಪ್ಪಾಯಿತು ಅನ್ನುವುದು ಆ ಸ್ಟೇಟಸ್ ಅರೇಯಲ್ಲೇ ಇರುತ್ತದೆ.

ಕೊನೆಯ ಸಾಲಿನಲ್ಲಿ ನಿಂತರೆ

ಲೆಕ್ಕ ಮುಗಿಯಿತು, ಫೈಲ್ ಬರೆದಾಯಿತು, ಫೈನಲೈಸ್‌ನಲ್ಲಿ ನಿಂತಿದೆ. ಫೈನಲೈಸ್‌ಗೆ ಮೊದಲು ಬಾಕಿ ಇರುವುದನ್ನೆಲ್ಲ ಮುಗಿಸುವುದು ನಿಮ್ಮ ಜವಾಬ್ದಾರಿ. ಕೆಲಸಗಾರ ಪ್ರೋಸೆಸ್‌ಗಳು "ಮುಂದಿನ ಕೆಲಸ ಬರಬಹುದು" ಎಂದು ಐರಿಸೀವ್ ಹಾಕಿಟ್ಟು ಕಾಯುವ ಪ್ರೋಗ್ರಾಮ್‌ಗಳಲ್ಲಿ ಕೊನೆಗೆ ಇಂಥ ಐರಿಸೀವ್ ಒಂದು ಉಳಿದೇ ಉಳಿಯುತ್ತದೆ. ಅದಕ್ಕೆ ಕ್ಯಾನ್ಸಲ್ ಕರೆಯಿರಿ. ಅಷ್ಟಕ್ಕೇ ಬಿಡಬೇಡಿ, ಆಮೇಲೆ ವೇಟ್ ಕೂಡ ಕರೆಯಬೇಕು, ನಂತರ ಟೆಸ್ಟ್_ಕ್ಯಾನ್ಸಲ್ಡ್‌ನಿಂದ ರದ್ದಾಯಿತೋ ಅಷ್ಟರಲ್ಲಿ ಸಂದೇಶ ಬಂದೇಬಿಟ್ಟಿತೋ ನೋಡಬೇಕು. ಕಳಿಸುವ ರಿಕ್ವೆಸ್ಟನ್ನು ಕ್ಯಾನ್ಸಲ್ ಮಾಡುವುದನ್ನು 2021ರ ಎಂಪಿಐ 4.0 ಹಳೆಯ ಪದ್ಧತಿ ಎಂದು ಬದಿಗಿಟ್ಟಿದೆ, ಹೊಸ ಕೋಡ್‌ನಲ್ಲಿ ಬೇಡ. ಯಜಮಾನ ಪ್ರೋಸೆಸ್ ಪ್ರತಿ ಕೆಲಸಗಾರನಿಗೂ "ಸಾಕು" ಅನ್ನುವ ಟ್ಯಾಗ್ ಹಾಕಿ ಸೊನ್ನೆ ಬೈಟ್‌ನ ಸಂದೇಶ ಕಳಿಸಿದರೆ, ಬಾಕಿ ಇರುವ ಐರಿಸೀವ್ ಅದನ್ನೇ ಪಡೆದು ತಾನಾಗಿ ಮುಗಿಯುತ್ತದೆ. ಆ ಐರಿಸೀವ್ ಎನಿ_ಟ್ಯಾಗ್‌ನಲ್ಲಿ (ಯಾವ ಟ್ಯಾಗ್ ಆದರೂ ಸರಿ ಎಂದು) ಹಾಕಿದ್ದಿರಬೇಕು, ಅಷ್ಟೇ. ಆಗ ಕ್ಯಾನ್ಸಲ್‌ನ ಗೊಡವೆಯೇ ಬೇಕಿಲ್ಲ.